ಅಶ್ವಗಂಧದ ಡಬ್ಬಿ ಕೊಡುವ ಮುನ್ನ: ಕರ್ನಾಟಕದ ಫಾರ್ಮಸಿಸ್ಟರಿಗೂ ಗ್ರಂಧಿಗೆ ಅಂಗಡಿಗಳ ವರ್ತಕರಿಗೂ ಬಹಿರಂಗ ಪತ್ರ



ಆತಂಕ, ನಿದ್ರಾಹೀನತೆ ಅಥವಾ ಕೆಲಸದ ಒತ್ತಡದ ಕಾರಣ ಹೇಳಿ, ವೈದ್ಯರ ಚೀಟಿಯಿಲ್ಲದೆ ಔಷಧ ಅಂಗಡಿಗೆ ಬರುವವರು ಹೆಸರು ಹಿಡಿದು ಕೇಳುವ ಗಿಡಮೂಲಿಕೆಗಳಲ್ಲಿ ಅಶ್ವಗಂಧ ಪ್ರಮುಖವಾದುದು. ಚೂರ್ಣ, ಮಾತ್ರೆ, ಕ್ಯಾಪ್ಸೂಲ್, ಲೇಹ್ಯ, ಅಗಿಯುವ ಗಮ್ಮಿ ಹೀಗೆ ಅದು ನಾನಾ ರೂಪಗಳಲ್ಲಿ ಮಾರಾಟವಾಗುತ್ತಿದ್ದು, ಇವೆಲ್ಲವೂ ಒಂದೇ ಗಿಡದ ಹೆಸರನ್ನು ಹೊತ್ತಿರುವುದರಿಂದ ಇವುಗಳ ಗುಣವೂ ಅಪಾಯವೂ ಒಂದೇ ಎಂಬ ಭಾವನೆ ಕೊಳ್ಳುವವರಲ್ಲಿ ಮಾತ್ರವಲ್ಲದೆ ಹಲವೊಮ್ಮೆ ಮಾರುವವರಲ್ಲಿಯೂ ನೆಲೆಗೊಂಡಿದೆ. ಅಶ್ವಗಂಧವನ್ನು ಮಾರಬಾರದೆಂದು ಕೇಳುವುದು ಈ ಪತ್ರದ ಉದ್ದೇಶವಲ್ಲ. ಬೇರಿನ ಪುಡಿಗೆ ಶತಮಾನಗಳ ಬಳಕೆಯ ಆಧಾರವಿದೆ, ಆಧುನಿಕ ಸಾಂದ್ರ ಸತ್ವಕ್ಕೆ ಕೆಲವು ವೈದ್ಯಕೀಯ ಪ್ರಯೋಗಗಳ ಆಧಾರವಿದೆ; ಆದರೆ ಒಂದರ ಆಧಾರವನ್ನು ಇನ್ನೊಂದಕ್ಕೆ ಎರವಲು ಕೊಟ್ಟು ಎರಡನ್ನೂ ನಿರಪಾಯವೆಂದು ಮಾರುವ ಪದ್ಧತಿ ನಿಲ್ಲಬೇಕು, ಮತ್ತು ಅದನ್ನು ನಿಲ್ಲಿಸುವ ಸಾಮರ್ಥ್ಯ ಇಂದಿನ ವ್ಯವಸ್ಥೆಯಲ್ಲಿ ಅಂಗಡಿಯ ಕೌಂಟರ್‌ನ ಹಿಂದೆ ನಿಂತವರಿಗೇ ಹೆಚ್ಚಾಗಿದೆ ಎಂಬುದನ್ನು ತಿಳಿಸುವುದಷ್ಟೇ ಇದರ ಉದ್ದೇಶ.

ಕನ್ನಡದಲ್ಲಿ ಹಿರೇಮದ್ದಿನ ಗಿಡವೆಂದೂ ಕರೆಯಲ್ಪಡುವ ಅಶ್ವಗಂಧದ ಸಸ್ಯಶಾಸ್ತ್ರೀಯ ಹೆಸರು ವಿಥಾನಿಯಾ ಸೋಮ್ನಿಫೆರಾ. ಬದನೆ, ಟೊಮೆಟೊ, ಆಲೂಗಡ್ಡೆ, ಮೆಣಸಿನಕಾಯಿಗಳು ಸೇರಿರುವ ಸೊಲನೇಸಿ ಕುಟುಂಬಕ್ಕೆ ಸೇರಿದ ಈ ಪೊದೆಗಿಡವು ಒಣ ಪ್ರದೇಶಗಳಲ್ಲಿ ತಾನಾಗಿಯೂ ಬೆಳೆಯುತ್ತದೆ. ವಾಣಿಜ್ಯ ಬೆಳೆಯಾಗಿ ಮಧ್ಯಪ್ರದೇಶದ ಮಂದಸೌರ್ ಮತ್ತು ನೀಮಚ್ ಸೀಮೆಯಲ್ಲಿಯೂ ರಾಜಸ್ಥಾನದಲ್ಲಿಯೂ ಹೆಚ್ಚಾಗಿ ಬೆಳೆಯಲಾಗುತ್ತದೆ. ಚರಕಸಂಹಿತೆಯು ಇದನ್ನು ಬಲ ಕೊಡುವ ದ್ರವ್ಯಗಳ ಗುಂಪಾದ ಬಲ್ಯ ಗಣದಲ್ಲಿಯೂ, ದೇಹವನ್ನು ಪುಷ್ಟಿಗೊಳಿಸುವ ದ್ರವ್ಯಗಳ ಗುಂಪಾದ ಬೃಂಹಣೀಯ ಗಣದಲ್ಲಿಯೂ ಎಣಿಸಿದೆ. ಅಂದರೆ ಶಾಸ್ತ್ರದ ದೃಷ್ಟಿಯಲ್ಲಿ ಇದು ಮುಖ್ಯವಾಗಿ ಕ್ಷೀಣಿಸಿದ ದೇಹಕ್ಕೆ ಬಲ ತುಂಬುವ ಮದ್ದು. ರೋಗಿಯ ಪ್ರಕೃತಿ, ಅಗ್ನಿ, ವಯಸ್ಸುಗಳನ್ನು ನೋಡಿ, ಹಾಲು ಅಥವಾ ತುಪ್ಪದಂತಹ ಅನುಪಾನದೊಡನೆ, ವೈದ್ಯರು ನಿರ್ಧರಿಸಿದ ಅವಧಿಗೆ ಕೊಡಬೇಕಾದದ್ದು. ಅನುಪಾನವೆಂದರೆ ಮದ್ದಿನ ಜೊತೆಗೆ ಸೇವಿಸುವ ಸಹಾಯಕ ದ್ರವ್ಯ. ಭಾರತೀಯ ಆಯುರ್ವೇದ ಫಾರ್ಮಕೋಪಿಯಾ, ಅಂದರೆ ಆಯುರ್ವೇದ ಔಷಧಗಳ ಗುಣಮಟ್ಟವನ್ನು ನಿಗದಿಪಡಿಸುವ ಅಧಿಕೃತ ಗ್ರಂಥ, ಗಿಡದ ಬಲಿತು ಒಣಗಿದ ಬೇರನ್ನು ಮಾತ್ರ ಔಷಧವೆಂದು ಗುರುತಿಸಿ, ಪುಡಿಯ ಪ್ರಮಾಣವನ್ನು 3ರಿಂದ 6 ಗ್ರಾಂ ಎಂದು ಹೇಳುತ್ತದೆ. ಪರಂಪರೆಯ ಸಾಕ್ಷ್ಯ ಎಂದು ಹೇಳಬಹುದಾದದ್ದೆಲ್ಲವೂ ಈ ಚೌಕಟ್ಟಿನೊಳಗಿನ ಬಳಕೆಗೆ ಸೇರಿದ್ದು: ಬೇರು, ಪುಡಿ, ನಿಗದಿತ ಪ್ರಮಾಣ, ವೈದ್ಯರ ಕಣ್ಗಾವಲು. ಈ ನಾಲ್ಕರಲ್ಲಿ ಯಾವುದು ಬದಲಾದರೂ ಪರಂಪರೆಯ ಸಾಕ್ಷ್ಯ ಅಷ್ಟರಮಟ್ಟಿಗೆ ದುರ್ಬಲವಾಗುತ್ತದೆ.

ಎಕ್ಸ್‌ಟ್ರಾಕ್ಟ್ ಎಂದು ಡಬ್ಬಿಗಳ ಮೇಲೆ ನಮೂದಾಗುವ ಸಾಂದ್ರ ಸತ್ವದಲ್ಲಿ ಬದಲಾಗಿರುವುದು ಮುಖ್ಯವಾಗಿ ಪ್ರಮಾಣ. ಅಶ್ವಗಂಧದ ಪರಿಣಾಮಕ್ಕೆ ಕಾರಣವೆಂದು ನಂಬಲಾಗಿರುವ ರಾಸಾಯನಿಕಗಳ ಗುಂಪನ್ನು ವಿಥನೊಲೈಡ್‌ಗಳು ಎನ್ನುತ್ತಾರೆ; ಇವು ಸ್ಟೀರಾಯ್ಡ್ ಮಾದರಿಯ ರಚನೆಯುಳ್ಳ ಸಸ್ಯಜನ್ಯ ಸಂಯುಕ್ತಗಳು. ಒಣಬೇರಿನಲ್ಲಿ ಇವುಗಳ ಪಾಲು ಸಾಮಾನ್ಯವಾಗಿ ಶೇ 1ಕ್ಕಿಂತ ಕಡಿಮೆ. ಬೇರಿನಲ್ಲಿ ಶೇ 0.5ರಷ್ಟು ವಿಥನೊಲೈಡ್ ಇದೆಯೆಂದು ಇಟ್ಟುಕೊಂಡರೆ 6 ಗ್ರಾಂ ಪುಡಿಯಿಂದ ದೊರೆಯುವುದು 30 ಮಿಲಿಗ್ರಾಂ. ಶೇ 5ರಷ್ಟು ವಿಥನೊಲೈಡ್‌ಗೆ ಹದಗೊಳಿಸಿದ 600 ಮಿಲಿಗ್ರಾಂ ಸತ್ವದಿಂದಲೂ ಅಷ್ಟೇ ದೊರೆಯುತ್ತದೆ. ಆದರೆ ಶೇ 35ಕ್ಕೆ ಹದಗೊಳಿಸಿದ ಸತ್ವವಾದರೆ 240 ಮಿಲಿಗ್ರಾಂನಲ್ಲಿಯೇ 84 ಮಿಲಿಗ್ರಾಂ ಇರುತ್ತದೆ. 600 ಎಂದು ಬರೆದ ಡಬ್ಬಿಗಿಂತ 240 ಎಂದು ಬರೆದ ಡಬ್ಬಿ ಸೌಮ್ಯವೆಂದು ಗ್ರಾಹಕರು ಭಾವಿಸುವುದು ಸಹಜ. ವಾಸ್ತವದಲ್ಲಿ ಅದು ಸುಮಾರು ಮೂರು ಪಟ್ಟು ತೀಕ್ಷ್ಣವಾಗಿರಬಹುದು. ವಿಥನೊಲೈಡ್‌ಗಳನ್ನು ಅಳೆಯುವ ವಿಧಾನಗಳೂ ಒಂದೇ ತೆರನಾಗಿಲ್ಲದಿರುವುದರಿಂದ ಎರಡು ತಯಾರಕರ ಶೇಕಡಾವಾರು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ತೂಗುವುದೂ ಸುಲಭವಲ್ಲ. ಮಿಲಿಗ್ರಾಂ ಅಂಕಿಯನ್ನು ಮಾತ್ರ ಓದಿ ಒಂದು ಡಬ್ಬಿಯ ಬದಲಿಗೆ ಇನ್ನೊಂದನ್ನು ಕೊಡುವ ರೂಢಿ ಈ ಕಾರಣಕ್ಕೇ ಅಪಾಯಕಾರಿ.

ಬದಲಾಗಿರುವ ಇನ್ನೊಂದು ಸಂಗತಿ ಗಿಡದ ಭಾಗ. ಬೇರನ್ನು ಅಗೆಯಲು ತಿಂಗಳುಗಟ್ಟಲೆ ಕಾಯಬೇಕು, ಎಲೆಯಾದರೋ ಹೇರಳವಾಗಿಯೂ ಅಗ್ಗವಾಗಿಯೂ ಸಿಗುತ್ತದೆ. ಆದ್ದರಿಂದ ಎಲೆಯ ಸತ್ವವನ್ನು ಬೇರಿನ ಸತ್ವದೊಡನೆ ಬೆರೆಸುವುದು, ಕೆಲವೊಮ್ಮೆ ಲೇಬಲ್‌ನಲ್ಲಿ ಹೇಳಿಯೇ, ಕೆಲವೊಮ್ಮೆ ಹೇಳದೆ, ಉದ್ಯಮದಲ್ಲಿ ನಡೆದುಬಂದಿದೆ. ಜೀವಕೋಶಗಳಿಗೆ ವಿಷಕಾರಿಯಾಗಬಲ್ಲ ವಿಥಾಫೆರಿನ್-ಎ ಎಂಬ ಸಂಯುಕ್ತ ಬೇರಿಗಿಂತ ಎಲೆಯಲ್ಲಿ ಬಹಳ ಹೆಚ್ಚು. ಎಲೆಯನ್ನು ಒಳಸೇವನೆಗೆ ಬಳಸುವುದಕ್ಕೆ ಶಾಸ್ತ್ರಗ್ರಂಥಗಳಲ್ಲಿ ಬೇರಿಗಿರುವಷ್ಟು ಆಧಾರವೂ ಇಲ್ಲ, ಸುರಕ್ಷತೆಯ ಅಧ್ಯಯನಗಳೂ ಸಾಲದು. ಕೇಂದ್ರ ಆಯುಷ್ ಸಚಿವಾಲಯವು 2021ರಲ್ಲಿ ತಯಾರಕರಿಗೆ ಎಲೆಯ ಬಳಕೆಯ ವಿರುದ್ಧ ಸಲಹೆ ನೀಡಿದ್ದರ ಹಿನ್ನೆಲೆ ಇದೇ. ಲೇಬಲ್‌ನಲ್ಲಿ ಬೇರು ಎಂಬ ಸ್ಪಷ್ಟ ಉಲ್ಲೇಖವಿಲ್ಲದ, ಗಿಡದ ಹೆಸರನ್ನಷ್ಟೇ ಹೇಳಿ ಸುಮ್ಮನಾಗುವ ಉತ್ಪನ್ನಗಳನ್ನು ಅಂಗಡಿಯ ಕಪಾಟಿನಿಂದ ದೂರವಿಡುವುದಕ್ಕೆ ಇಷ್ಟು ಕಾರಣ ಸಾಕು.

ಆತಂಕಕ್ಕೆ ಅಶ್ವಗಂಧದಿಂದ ಪ್ರಯೋಜನವಿದೆಯೇ ಎಂಬ ಪ್ರಶ್ನೆಗೆ ದೊರೆತಿರುವ ಉತ್ತರ ಭರವಸೆಯದು, ಆದರೆ ಅಂತಿಮವಾದುದಲ್ಲ. ಈ ವಿಷಯದ ಮೊದಮೊದಲ ಪ್ರಯೋಗಗಳಲ್ಲಿ ಒಂದಕ್ಕೆ ಕರ್ನಾಟಕದ ಸಂಬಂಧವಿದೆ. ಬೆಂಗಳೂರಿನ ನಿಮ್ಹಾನ್ಸ್‌ನ ಮನೋವೈದ್ಯ ಚಿತ್ತರಂಜನ್ ಆಂಡ್ರಾಡೆ ಮತ್ತು ಸಹವರ್ತಿಗಳು ಆತಂಕದ ಕಾಯಿಲೆಯಿದ್ದ 39 ರೋಗಿಗಳ ಮೇಲೆ ಆರು ವಾರ ನಡೆಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸತ್ವ ಪಡೆದವರಲ್ಲಿ ಸುಧಾರಿಸಿದವರ ಪ್ರಮಾಣ ಪ್ಲಾಸಿಬೊ ಪಡೆದವರಿಗಿಂತ ಹೆಚ್ಚಾಗಿತ್ತು. ಔಷಧದಂತೆಯೇ ಕಾಣುವ, ಆದರೆ ಔಷಧಗುಣವಿಲ್ಲದ ಮಾತ್ರೆಗೆ ಪ್ಲಾಸಿಬೊ ಎಂದು ಹೆಸರು. ಮದ್ದು ಕೊಟ್ಟಿದ್ದಾರೆಂಬ ನಂಬಿಕೆಯಿಂದಲೇ ಆಗುವ ಸುಧಾರಣೆಯನ್ನು ಮದ್ದಿನ ನಿಜವಾದ ಪರಿಣಾಮದಿಂದ ಬೇರ್ಪಡಿಸಲು ಅದನ್ನು ಬಳಸುತ್ತಾರೆ. 2012ರಲ್ಲಿ ಹೈದರಾಬಾದ್‌ನ ಸಂಶೋಧಕರು ದೀರ್ಘಕಾಲದ ಒತ್ತಡವಿದ್ದ 64 ಮಂದಿಗೆ ದಿನಕ್ಕೆ ಎರಡು ಬಾರಿ 300 ಮಿಲಿಗ್ರಾಂ ಬೇರಿನ ಸತ್ವವನ್ನೋ ಪ್ಲಾಸಿಬೊವನ್ನೋ 60 ದಿನ ಕೊಟ್ಟು ನೋಡಿದಾಗ, ಒತ್ತಡದ ಅಳತೆಯ ಅಂಕಗಳು ಸತ್ವ ಪಡೆದವರಲ್ಲಿ ಗಣನೀಯವಾಗಿ ಇಳಿದವು. ಒತ್ತಡದ ಸಮಯದಲ್ಲಿ ಅಡ್ರಿನಲ್ ಗ್ರಂಥಿಯಿಂದ ಹೆಚ್ಚಾಗಿ ಸ್ರವಿಸುವ ಕಾರ್ಟಿಸೋಲ್ ಹಾರ್ಮೋನ್ ಅವರ ರಕ್ತದಲ್ಲಿ ಶೇ 27.9ರಷ್ಟು ಕಡಿಮೆಯಾದರೆ, ಪ್ಲಾಸಿಬೊ ಪಡೆದವರಲ್ಲಿ ಆ ಇಳಿಕೆ ಶೇ 7.9 ಮಾತ್ರವಾಗಿತ್ತು.

ಇಂತಹ 12 ಪ್ರಯೋಗಗಳನ್ನು, ಒಟ್ಟು 1,002 ಮಂದಿಯ ಫಲಿತಾಂಶಗಳನ್ನು, ಒಟ್ಟುಗೂಡಿಸಿ 2022ರಲ್ಲಿ ಪ್ರಕಟವಾದ ವಿಶ್ಲೇಷಣೆಯೂ ಆತಂಕ ಮತ್ತು ಒತ್ತಡ ಎರಡೂ ತಗ್ಗುತ್ತವೆ ಎಂಬ ಕಡೆಗೇ ಬೆರಳು ತೋರಿಸಿತು; ಆದರೆ ಆ ಸಾಕ್ಷ್ಯದ ವಿಶ್ವಾಸಾರ್ಹತೆಯ ಮಟ್ಟ ಕಡಿಮೆಯೆಂದು ಅದೇ ವಿಶ್ಲೇಷಣೆ ಹೇಳಿತು. ಅದೇ ವರ್ಷ ಜೈವಿಕ ಮನೋವೈದ್ಯಶಾಸ್ತ್ರದ ಸಂಘಗಳ ವಿಶ್ವ ಒಕ್ಕೂಟವೂ ಕೆನಡಾದ ತಜ್ಞರ ಜಾಲವೊಂದೂ ಸೇರಿ ಹೊರತಂದ ಮಾರ್ಗಸೂಚಿಯು ಸಾಮಾನ್ಯೀಕೃತ ಆತಂಕದ ಕಾಯಿಲೆಗೆ ದಿನಕ್ಕೆ 300ರಿಂದ 600 ಮಿಲಿಗ್ರಾಂ ಬೇರಿನ ಸತ್ವವನ್ನು ತಾತ್ಕಾಲಿಕ ಶಿಫಾರಸ್ಸಿನ ದರ್ಜೆಯಲ್ಲಿರಿಸಿತು. ಸಾಮಾನ್ಯೀಕೃತ ಆತಂಕದ ಕಾಯಿಲೆಯೆಂದರೆ ನಿರ್ದಿಷ್ಟ ಕಾರಣವಿಲ್ಲದೆ, ಅಥವಾ ಕಾರಣಕ್ಕೆ ಮೀರಿ, ತಿಂಗಳುಗಟ್ಟಲೆ ಬಹುತೇಕ ಪ್ರತಿದಿನವೂ ಕಾಡುವ, ನಿದ್ರೆ ಮತ್ತು ದುಡಿಮೆಗಳನ್ನು ಕೆಡಿಸುವ ಆತಂಕ.

ಈ ಪ್ರಯೋಗಗಳ ಮಿತಿಗಳನ್ನು ಮಾರುವವರು ತಿಳಿದಿರಬೇಕು. ಬಹುತೇಕ ಪ್ರಯೋಗಗಳಲ್ಲಿ ಭಾಗವಹಿಸಿದವರು ನೂರಕ್ಕಿಂತ ಕಡಿಮೆ, ಅವಧಿ ಎಂಟು ವಾರಗಳ ಆಸುಪಾಸು. ಹಲವಕ್ಕೆ ಸತ್ವವನ್ನು ಒದಗಿಸಿದವರು ಅದರ ತಯಾರಕರೇ. ಕೆಲವರಿಗಿದ್ದುದು ವೈದ್ಯರು ಗುರುತಿಸಿದ ಆತಂಕದ ಕಾಯಿಲೆಯಾದರೆ, ಇನ್ನು ಹಲವರಿಗಿದ್ದುದು ದಿನನಿತ್ಯದ ಒತ್ತಡ. ಇವೆರಡೂ ಒಂದೇ ಅಲ್ಲ. ಗರ್ಭಿಣಿಯರು, ಯಕೃತ್ತಿನ ಅಥವಾ ಥೈರಾಯ್ಡ್‌ನ ಕಾಯಿಲೆಯಿದ್ದವರು, ಇತರ ಔಷಧಗಳನ್ನು ಸೇವಿಸುವವರು ಇಂತಹ ಪ್ರಯೋಗಗಳಿಂದ ಸಾಮಾನ್ಯವಾಗಿ ಹೊರಗುಳಿಯುತ್ತಾರೆ, ಅಂಗಡಿಗೆ ಬರುವ ಸಾಲಿನಲ್ಲಿ ಮಾತ್ರ ಅವರೂ ಇರುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಪ್ರಯೋಗಗಳಲ್ಲಿ ಬಳಸಿದ್ದು ನಿರ್ದಿಷ್ಟ ವಿಧಾನದಿಂದ ತಯಾರಾದ ನಿರ್ದಿಷ್ಟ ಸತ್ವ. ಅದರ ಫಲಿತಾಂಶವನ್ನು ಬಿಡಿಯಾಗಿ ತೂಗಿ ಕೊಡುವ ಚೂರ್ಣಕ್ಕಾಗಲಿ, ಹತ್ತಾರು ಮೂಲಿಕೆಗಳ ಮಿಶ್ರಣಕ್ಕಾಗಲಿ, ಸಕ್ಕರೆಯ ಗಮ್ಮಿಗಾಗಲಿ ಅನ್ವಯಿಸಿ ಹೇಳುವುದು ಗ್ರಾಹಕರನ್ನು ತಪ್ಪುದಾರಿಗೆ ಎಳೆದಂತೆ.

ಅಪಾಯದ ಕಡೆಗೆ ಬಂದರೆ, ಹೆಚ್ಚಿನವರಲ್ಲಿ ಕಾಣುವುದು ಹೊಟ್ಟೆ ತೊಳಸುವುದು, ಭೇದಿ, ತೂಕಡಿಕೆಯಂತಹ ಸಣ್ಣ ತೊಂದರೆಗಳು. ಮದ್ದು ನಿಲ್ಲಿಸಿದರೆ ಇವು ತಾವಾಗಿ ಹೋಗುತ್ತವೆ. ಗಂಭೀರವಾದುದು ಯಕೃತ್ತಿಗೆ ಆಗಬಹುದಾದ ಹಾನಿ. 2020ರಲ್ಲಿ ಐಸ್‌ಲ್ಯಾಂಡ್ ಮತ್ತು ಅಮೆರಿಕದ ವೈದ್ಯರು ಇಂತಹ ಐದು ಪ್ರಕರಣಗಳನ್ನು ವರದಿ ಮಾಡಿದರು: ಸೇವನೆ ಆರಂಭವಾದ 2ರಿಂದ 12 ವಾರಗಳೊಳಗೆ ಕಾಮಾಲೆ, ತೀವ್ರವಾದ ಮೈ ತುರಿಕೆ, ವಾಕರಿಕೆಗಳು ಕಾಣಿಸಿಕೊಂಡಿದ್ದವು, ಯಾರಿಗೂ ಯಕೃತ್ತಿನ ವೈಫಲ್ಯವಾಗಲಿಲ್ಲ, ಆದರೆ ರಕ್ತಪರೀಕ್ಷೆಯ ಅಂಕಿಗಳು ಸಹಜಸ್ಥಿತಿಗೆ ಮರಳಲು ತಿಂಗಳುಗಳೇ ಹಿಡಿದವು. 2023ರಲ್ಲಿ ಭಾರತದ ಯಕೃತ್ ತಜ್ಞರು 23 ರೋಗಿಗಳನ್ನು ಗುರುತಿಸಿ, ಅವರಲ್ಲಿ ಅಶ್ವಗಂಧವೊಂದೇ ಇದ್ದ ಉತ್ಪನ್ನವನ್ನು ಸೇವಿಸಿದ್ದ ಎಂಟು ಮಂದಿಯನ್ನು ವಿವರವಾಗಿ ವಿಶ್ಲೇಷಿಸಿದಾಗ ಚಿತ್ರ ಇನ್ನಷ್ಟು ಕಠೋರವಾಗಿತ್ತು. ಎಂಟರಲ್ಲಿ ಐವರಿಗೆ ಮೊದಲಿನಿಂದಲೂ ದೀರ್ಘಕಾಲದ ಯಕೃತ್ತಿನ ಕಾಯಿಲೆಯಿತ್ತು. ಅವರಲ್ಲಿ ಮೂವರಿಗೆ ಹಳೆಯ ಕಾಯಿಲೆಯ ಮೇಲೆ ಹೊಸ ಆಘಾತ ಬಿದ್ದು ಯಕೃತ್ತು ವಿಫಲವಾಗಿ, ಆ ಮೂವರೂ ಮರಣ ಹೊಂದಿದರು.

ಈ ಹಾನಿಯಲ್ಲಿ ಹೆಚ್ಚಾಗಿ ಕಂಡುಬಂದಿರುವುದು ಕೊಲೆಸ್ಟಾಟಿಕ್ ಎಂಬ ಮಾದರಿ, ಅಂದರೆ ಯಕೃತ್ತಿನಿಂದ ಪಿತ್ತರಸ ಸರಾಗವಾಗಿ ಹೊರಹರಿಯದೆ ರಕ್ತದಲ್ಲಿ ಪಿತ್ತದ ಅಂಶಗಳು ಸೇರಿಕೊಳ್ಳುವ ಸ್ಥಿತಿ. ಕಣ್ಣು ಹಳದಿಯಾಗುವುದು, ಮೂತ್ರ ಗಾಢ ಬಣ್ಣಕ್ಕೆ ತಿರುಗುವುದು, ಚರ್ಮದಲ್ಲಿ ಗುಳ್ಳೆಯಿಲ್ಲದೆಯೇ ಸಹಿಸಲಾಗದ ತುರಿಕೆ ಹುಟ್ಟುವುದು ಇದರ ಗುರುತುಗಳು. ಇದು ಯಾರಿಗೆ ಆಗುತ್ತದೆಂದು ಮುಂಚೆ ಊಹಿಸಲು ಬಾರದ, ಪ್ರಮಾಣವನ್ನಷ್ಟೇ ಅವಲಂಬಿಸದ, ವಿರಳವಾದ ಪ್ರತಿಕ್ರಿಯೆ. ಇಂತಹ ಹಾನಿ ಪ್ರಯೋಗಗಳಲ್ಲಿ ಕಾಣಲಿಲ್ಲವಲ್ಲ ಎಂಬ ವಾದವನ್ನು ತಯಾರಕರ ಪ್ರತಿನಿಧಿಗಳು ಮುಂದಿಡುವುದುಂಟು. ಸಾವಿರಾರು ಮಂದಿಯಲ್ಲಿ ಒಬ್ಬರಿಗೆ ಆಗುವ ಹಾನಿಯು ಅರವತ್ತು ಮಂದಿಯ ಪ್ರಯೋಗದಲ್ಲಿ ಕಾಣದಿರುವುದೇ ಸಹಜ, ಮತ್ತು ಲಕ್ಷಾಂತರ ಮಂದಿ ಸೇವಿಸುವ ವಸ್ತುವಿನಲ್ಲಿ ಅದು ಕಂಡೇ ಕಾಣುತ್ತದೆ ಎಂಬುದು ಅದಕ್ಕೆ ಉತ್ತರ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯು ನಡೆಸುವ ಲಿವರ್‌ಟಾಕ್ಸ್ ಎಂಬ ಮಾಹಿತಿಕೋಶವು ಅಶ್ವಗಂಧವನ್ನು ಯಕೃತ್ತಿನ ಹಾನಿಗೆ ಬಹುಮಟ್ಟಿಗೆ ಕಾರಣವಾಗಬಲ್ಲ ವಸ್ತುಗಳ ವರ್ಗದಲ್ಲಿಯೇ ಇರಿಸಿದೆ.

ಥೈರಾಯ್ಡ್‌ನ ವಿಷಯ ಇದಕ್ಕಿಂತ ಸೂಕ್ಷ್ಮವಾದುದು, ಮತ್ತು ಆತಂಕದ ಸಂದರ್ಭದಲ್ಲಿ ವಿಶೇಷವಾಗಿ ಪ್ರಸ್ತುತವಾದುದು. ಥೈರಾಯ್ಡ್ ಸ್ರಾವ ಸ್ವಲ್ಪ ಕಡಿಮೆಯಿದ್ದ 50 ಮಂದಿಯ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಭಾರತೀಯ ಪ್ರಯೋಗವೊಂದರಲ್ಲಿ, ದಿನಕ್ಕೆ 600 ಮಿಲಿಗ್ರಾಂ ಸತ್ವವು ಎಂಟು ವಾರಗಳಲ್ಲಿ ಥೈರಾಯ್ಡ್ ಹಾರ್ಮೋನ್‌ಗಳ ಮಟ್ಟವನ್ನು ಏರಿಸಿತು. ಸ್ರಾವ ಕಡಿಮೆಯಿರುವವರಿಗೆ ಇದು ಲಾಭವೆಂದು ತೋರಬಹುದಾದರೂ, ಆ ಕೊರತೆಗೆ ಈಗಾಗಲೇ ಲೆವೊಥೈರಾಕ್ಸಿನ್ ಮಾತ್ರೆ ಸೇವಿಸುತ್ತಿರುವವರಲ್ಲಿ ಅದು ಹಾರ್ಮೋನ್ ಅತಿಯಾಗಲು ದಾರಿಯಾಗಬಹುದು. ಥೈರಾಯ್ಡ್ ಅತಿಯಾಗಿ ಸ್ರವಿಸುವ ಕಾಯಿಲೆಯ ಲಕ್ಷಣಗಳಾದರೋ ಎದೆ ಢವಗುಟ್ಟುವುದು, ಕೈ ನಡುಗುವುದು, ಬೆವರುವುದು, ನಿದ್ರೆ ಬಾರದಿರುವುದು. ಅಂದರೆ ಸಾಮಾನ್ಯರು ಆತಂಕವೆಂದು ಕರೆಯುವ ಲಕ್ಷಣಗಳೇ. ರಕ್ತಪರೀಕ್ಷೆ ಮಾಡಿಸಿಕೊಳ್ಳದ ಇಂತಹ ವ್ಯಕ್ತಿ ಆತಂಕಕ್ಕೆಂದು ಅಶ್ವಗಂಧ ಕೊಂಡರೆ, ರೋಗವನ್ನು ಶಮನಗೊಳಿಸಬೇಕಾದ ಮದ್ದು ರೋಗದ ಮೂಲಕ್ಕೇ ಇಂಬು ಕೊಟ್ಟಂತಾಗುತ್ತದೆ. ಲಕ್ಷಣಗಳು ಹೆಚ್ಚಿದಾಗ ಪ್ರಮಾಣವನ್ನೂ ಹೆಚ್ಚಿಸಿಕೊಳ್ಳುವ ಅಪಾಯ ಅದರ ಬೆನ್ನಿಗೇ ಇದೆ. ರಕ್ತಹೀನತೆ, ಹೃದಯದ ಲಯದ ದೋಷಗಳು, ಮದ್ಯಪಾನ ಬಿಟ್ಟ ಮೊದಲ ದಿನಗಳ ತಳಮಳ ಇವೂ ಆತಂಕದ ವೇಷದಲ್ಲಿ ಬರುತ್ತವೆಂಬುದನ್ನು ಇದರ ಜೊತೆಗೇ ನೆನೆಯಬೇಕು.

ಇತರ ಔಷಧಗಳೊಡನೆ ಆಗುವ ಒಡನಾಟವೂ ಇಷ್ಟೇ ಗಮನಾರ್ಹ. ಆಲ್‌ಪ್ರಜೋಲಾಮ್, ಕ್ಲೋನಜೆಪಾಮ್‌ನಂತಹ ನಿದ್ರೆ ಮತ್ತು ಆತಂಕದ ಮಾತ್ರೆಗಳ ಮಂಪರನ್ನು ಅಶ್ವಗಂಧ ಹೆಚ್ಚಿಸಬಹುದು. ಮಧುಮೇಹ ಮತ್ತು ರಕ್ತದೊತ್ತಡದ ಔಷಧಗಳ ಪರಿಣಾಮಕ್ಕೆ ತನ್ನದನ್ನೂ ಸೇರಿಸಿ ಸಕ್ಕರೆಯ ಮಟ್ಟವನ್ನೋ ಒತ್ತಡವನ್ನೋ ಅಗತ್ಯಕ್ಕಿಂತ ಕೆಳಗಿಳಿಸಬಹುದು. ಮೂತ್ರಪಿಂಡ ಮುಂತಾದ ಅಂಗಗಳ ಕಸಿಯ ನಂತರ ರೋಗನಿರೋಧಕ ಶಕ್ತಿಯನ್ನು ತಗ್ಗಿಸಿಡಲು ಕೊಡುವ ಔಷಧಗಳಿಗೆ ವಿರುದ್ಧವಾಗಿ ಕೆಲಸ ಮಾಡಬಹುದು. ಪುರುಷ ಹಾರ್ಮೋನ್ ಆದ ಟೆಸ್ಟೋಸ್ಟಿರೋನ್‌ನ ಮಟ್ಟವನ್ನು ಅದು ಏರಿಸಬಹುದಾದ್ದರಿಂದ ಪ್ರಾಸ್ಟೇಟ್ ಕ್ಯಾನ್ಸರ್ ಇರುವವರು ದೂರವಿರಬೇಕು. ಗರ್ಭಪಾತಕ್ಕೆ ಕಾರಣವಾಗಬಹುದೆಂಬ ಶಂಕೆಯಿರುವುದರಿಂದ ಗರ್ಭಿಣಿಯರೂ, ಸುರಕ್ಷತೆಯ ಮಾಹಿತಿ ಸಾಲದ್ದರಿಂದ ಎದೆಹಾಲುಣಿಸುವ ತಾಯಂದಿರೂ ಸೇವಿಸಬಾರದೆಂಬುದರಲ್ಲಿ ವಿವಿಧ ದೇಶಗಳ ಆರೋಗ್ಯ ಸಂಸ್ಥೆಗಳಿಗೆ ಒಮ್ಮತವಿದೆ. ಬಾಣಂತಿಯರಿಗೆ ಶಕ್ತಿ ಬರಲೆಂದು ಅಶ್ವಗಂಧ ಬೆರೆತ ಲೇಹ್ಯವನ್ನು ಮನೆಯ ಹಿರಿಯರು ಕೇಳಿ ಒಯ್ಯುವಲ್ಲಿ, ಅದನ್ನು ಆಯುರ್ವೇದ ವೈದ್ಯರು ಸೂಚಿಸಿದ್ದಾರೆಯೇ ಎಂದು ವಿಚಾರಿಸುವುದು ಸಂಪ್ರದಾಯಕ್ಕೆ ಅಗೌರವ ತೋರಿದಂತಲ್ಲ.

ಡೆನ್ಮಾರ್ಕ್ ತನ್ನ ತಾಂತ್ರಿಕ ವಿಶ್ವವಿದ್ಯಾಲಯದ 2020ರ ವರದಿಯೊಂದನ್ನು ಆಧರಿಸಿ 2023ರಲ್ಲಿ ಅಶ್ವಗಂಧವನ್ನು ನಿಷೇಧಿಸಿತು. ಥೈರಾಯ್ಡ್ ಮತ್ತು ಲೈಂಗಿಕ ಹಾರ್ಮೋನ್‌ಗಳ ಮೇಲಿನ ಪರಿಣಾಮ ಹಾಗೂ ಗರ್ಭಪಾತದ ಶಂಕೆ ಅದರ ಮುಖ್ಯ ಕಾರಣಗಳಾಗಿದ್ದವು. ಜರ್ಮನಿಯ ಅಪಾಯ ಮೌಲ್ಯಮಾಪನ ಸಂಸ್ಥೆ 2024ರಲ್ಲಿ ನಿಷೇಧದವರೆಗೆ ಹೋಗದೆ, ಮಕ್ಕಳು, ಗರ್ಭಿಣಿಯರು, ಎದೆಹಾಲುಣಿಸುವವರು ಮತ್ತು ಯಕೃತ್ತಿನ ಕಾಯಿಲೆಯಿರುವವರು ಸೇವಿಸಬಾರದೆಂದು ಎಚ್ಚರಿಸಿತು. ಡೆನ್ಮಾರ್ಕಿನ ವರದಿ ಬೇರನ್ನೂ ಎಲೆಯನ್ನೂ, ಚೂರ್ಣವನ್ನೂ ಸತ್ವವನ್ನೂ ಸಾಕಷ್ಟು ಬೇರ್ಪಡಿಸಿ ನೋಡಿಲ್ಲವೆಂಬ ಭಾರತೀಯ ತಜ್ಞರ ಆಕ್ಷೇಪದಲ್ಲಿ ಹುರುಳಿದೆ. ಆದರೆ ಆ ಆಕ್ಷೇಪಕ್ಕೆ ಬೆಲೆ ಬರಬೇಕಾದರೆ ಅದೇ ವಿವೇಚನೆ ಭಾರತದ ಅಂಗಡಿಗಳಲ್ಲಿಯೂ ಕಾಣಬೇಕು. ವಿದೇಶದ ವರದಿಯನ್ನು ಖಂಡಿಸುವಾಗ ಬೇರು ಬೇರೆ ಎಲೆ ಬೇರೆ ಎಂದು ವಾದಿಸಿ, ಮಾರುವಾಗ ಎಲ್ಲವೂ ಒಂದೇ ಎಂದು ನಡೆದುಕೊಳ್ಳುವುದು ಹೊಂದುವ ಮಾತಲ್ಲ. ವಿದೇಶದಲ್ಲಿರುವ ಮಕ್ಕಳಿಗೆಂದು ಡಬ್ಬಿಗಟ್ಟಲೆ ಕೊಂಡೊಯ್ಯುವ ತಂದೆತಾಯಂದಿರಿಗೆ, ಆಯಾ ದೇಶದ ನಿಯಮವನ್ನು ತಿಳಿದುಕೊಳ್ಳಬೇಕೆಂಬ ಒಂದು ಮಾತನ್ನು ಹೇಳುವುದೂ ಉಪಕಾರವೇ.

ಭಾರತದ ಕಾನೂನಿನ ಸ್ವರೂಪವೇ ಹೊಣೆಯನ್ನು ಕೌಂಟರ್‌ನ ಬಳಿಗೆ ತಂದು ನಿಲ್ಲಿಸಿದೆ. 1940ರ ಔಷಧ ಮತ್ತು ಕಾಂತಿವರ್ಧಕಗಳ ಕಾಯ್ದೆಯಡಿ ಆಯುರ್ವೇದ ಔಷಧಗಳ ತಯಾರಿಕೆಗೆ ಪರವಾನಗಿ ಬೇಕು, ಮಾರಾಟಕ್ಕೆ ಬೇಡ. ವೈದ್ಯರ ಮೇಲ್ವಿಚಾರಣೆಯಲ್ಲಿಯೇ ಸೇವಿಸಬೇಕೆಂಬ ಎಚ್ಚರಿಕೆಯನ್ನು ಲೇಬಲ್‌ನಲ್ಲಿ ಮುದ್ರಿಸಲೇಬೇಕಾದ ವಿಷದ್ರವ್ಯಗಳ ಪಟ್ಟಿಯೊಂದು ಆ ಕಾಯ್ದೆಯ ನಿಯಮಗಳಲ್ಲಿದೆ, ಅಶ್ವಗಂಧ ಅದರಲ್ಲಿಲ್ಲ. ಇತ್ತ ಅದೇ ಗಿಡದ ಸತ್ವ ಆಹಾರ ಸುರಕ್ಷತಾ ಪ್ರಾಧಿಕಾರದ 2016ರ ನಿಯಮಾವಳಿಯಡಿ ಆರೋಗ್ಯಪೂರಕ ಆಹಾರವಾಗಿಯೂ ಮಾರಾಟವಾಗುತ್ತದೆ. ಆಗ ಅದರ ಲೇಬಲ್‌ನಲ್ಲಿ ಔಷಧೀಯ ಬಳಕೆಗಲ್ಲ ಎಂಬ ಅರ್ಥದ ಇಂಗ್ಲಿಷ್ ಒಕ್ಕಣೆ ಕಡ್ಡಾಯ. ಒಂದೇ ಕಪಾಟಿನಲ್ಲಿ ಅಕ್ಕಪಕ್ಕ ಕುಳಿತ ಎರಡು ಡಬ್ಬಿಗಳಲ್ಲಿ ಒಂದು ಕಾನೂನಿನ ಕಣ್ಣಿಗೆ ಔಷಧ, ಇನ್ನೊಂದು ಆಹಾರ. ಆತಂಕಕ್ಕೆ ಮದ್ದು ಬೇಕೆಂದವರ ಕೈಗೆ ಔಷಧೀಯ ಬಳಕೆಗಲ್ಲವೆಂದು ತಾನೇ ಹೇಳಿಕೊಳ್ಳುವ ಡಬ್ಬಿಯನ್ನು ಕೊಡುವುದು ದಿನನಿತ್ಯದ ವ್ಯವಹಾರವಾಗಿದೆ. ಹೀಗೆ ವೈದ್ಯರೂ ಇಲ್ಲದ, ಎಚ್ಚರಿಕೆಯ ಒಕ್ಕಣೆಯೂ ಇಲ್ಲದ ಮಾರಾಟದಲ್ಲಿ ಔಷಧಶಾಸ್ತ್ರವನ್ನು ಓದಿದ ಏಕೈಕ ವ್ಯಕ್ತಿ ಫಾರ್ಮಸಿಸ್ಟ್. ಭಾರತೀಯ ಫಾರ್ಮಸಿ ಪರಿಷತ್ತಿನ 2015ರ ವೃತ್ತಿ ನಿಯಮಾವಳಿಯು ರೋಗಿಗಳಿಗೆ ಸಲಹೆ ನೀಡುವುದನ್ನು ಅವರ ವೃತ್ತಿಯ ಭಾಗವಾಗಿಯೇ ಗುರುತಿಸಿದೆ.

ಜನರು ನೇರವಾಗಿ ಔಷಧ ಅಂಗಡಿಗೆ ಏಕೆ ಬರುತ್ತಾರೆಂಬುದನ್ನೂ ಮರೆಯುವಂತಿಲ್ಲ. ನಿಮ್ಹಾನ್ಸ್ ಮುನ್ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು ವಯಸ್ಕರಲ್ಲಿ ಶೇ 10.6ರಷ್ಟು ಮಂದಿಗೆ ಯಾವುದಾದರೂ ಮಾನಸಿಕ ಕಾಯಿಲೆಯಿದೆಯೆಂದೂ, ಕಾಯಿಲೆಗನುಗುಣವಾಗಿ ಶೇ 70ರಿಂದ 92ರಷ್ಟು ರೋಗಿಗಳಿಗೆ ಚಿಕಿತ್ಸೆಯೇ ದೊರೆತಿಲ್ಲವೆಂದೂ ಅಂದಾಜಿಸಿತು. ಮನೋವೈದ್ಯರ ಬಳಿಗೆ ಹೋದರೆ ನಾಲ್ಕು ಜನ ಏನೆಂದಾರು ಎಂಬ ಅಳುಕು, ತಾಲ್ಲೂಕು ಮಟ್ಟದಲ್ಲಿ ವೈದ್ಯರ ಕೊರತೆ, ಖರ್ಚಿನ ಭಯ ಇವೆಲ್ಲವೂ ಸೇರಿ, ಗಿಡಮೂಲಿಕೆಯ ಡಬ್ಬಿಯನ್ನು ಯಾರಿಗೂ ತಿಳಿಯದಂತೆ ಪಡೆಯಬಹುದಾದ ಚಿಕಿತ್ಸೆಯನ್ನಾಗಿಸಿವೆ. ಆದ್ದರಿಂದ ಅಶ್ವಗಂಧ ಕೇಳುವವರನ್ನು ಬರಿಗೈಯಲ್ಲಿ ಕಳುಹಿಸುವುದು ಪರಿಹಾರವಲ್ಲ. ತಮ್ಮ ಕಷ್ಟವನ್ನು ಅವರು ಮೊದಲ ಬಾರಿಗೆ ಬಾಯಿಬಿಟ್ಟು ಹೇಳಿದ್ದು ಆ ಅಂಗಡಿಯಲ್ಲಿಯೇ ಇರಬಹುದು.

ಆ ಮಾತುಕತೆಯಲ್ಲಿ ಐದು ಪ್ರಶ್ನೆಗಳಿಗೆ ಎಡೆಯಿರಲಿ ಎಂಬುದು ಈ ಪತ್ರದ ಕೋರಿಕೆ. ಹಿಂದೆ ಕಾಮಾಲೆ ಬಂದಿತ್ತೇ, ಫ್ಯಾಟಿ ಲಿವರ್ ಎಂದು ಯಾರಾದರೂ ಹೇಳಿದ್ದಾರೆಯೇ, ಮದ್ಯಪಾನದ ಅಭ್ಯಾಸವಿದೆಯೇ ಎಂಬುದು ಮೊದಲನೆಯದು. ಥೈರಾಯ್ಡ್ ತೊಂದರೆಯಿದೆಯೆಂದು ಪರೀಕ್ಷೆಯಲ್ಲಿ ತಿಳಿದಿದೆಯೇ, ಅದಕ್ಕೆ ಮಾತ್ರೆ ನಡೆಯುತ್ತಿದೆಯೇ ಎಂಬುದು ಎರಡನೆಯದು. ಸಕ್ಕರೆ, ಬಿಪಿ, ನಿದ್ರೆ ಅಥವಾ ಮನಸ್ಸಿನ ಕಾಯಿಲೆಗೆ ಬೇರೆ ಔಷಧ ಸೇವಿಸುತ್ತಿದ್ದಾರೆಯೇ ಎಂಬುದು ಮೂರನೆಯದು. ಸೇವಿಸುವವರು ಗರ್ಭಿಣಿಯೋ, ಎದೆಹಾಲುಣಿಸುವವರೋ, ಮಗುವೋ ಎಂಬುದು ನಾಲ್ಕನೆಯದು. ಡಬ್ಬಿ ಕೊಳ್ಳುವವರೇ ಅದನ್ನು ಸೇವಿಸುವವರಾಗಿರಬೇಕೆಂದಿಲ್ಲವಾದ್ದರಿಂದ ಇದನ್ನು ಬಿಡಿಸಿ ಕೇಳಬೇಕು. ಈ ತೊಂದರೆ ಎಷ್ಟು ಕಾಲದಿಂದ ಇದೆ, ಊಟ ನಿದ್ರೆ ಕೆಲಸಗಳು ಕೆಟ್ಟಿವೆಯೇ, ಬದುಕು ಸಾಕೆನಿಸಿದೆಯೇ ಎಂಬುದು ಐದನೆಯದು. ಮೊದಲ ನಾಲ್ಕರಲ್ಲಿ ಯಾವುದಕ್ಕೆ ಹೌದೆಂಬ ಉತ್ತರ ಬಂದರೂ ವೈದ್ಯರನ್ನು ಕಾಣದೆ ಸೇವಿಸಬಾರದೆಂದು ಹೇಳಿ ಡಬ್ಬಿಯನ್ನು ಹಿಂದಿರಿಸುವುದೇ ಸರಿ. ಐದನೆಯದರ ಉತ್ತರ ಕಳವಳ ಹುಟ್ಟಿಸಿದರೆ, ಮಾನಸಿಕ ಆರೋಗ್ಯದ ನೆರವಿಗಾಗಿ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಯನ್ನು ಬರೆದುಕೊಡಬೇಕು. ಅಲ್ಲಿಗೆ ಕರೆ ಮಾಡಲು ಹಣ ಕೊಡಬೇಕಿಲ್ಲ, ಹಗಲಿರುಳೆನ್ನದೆ ಕನ್ನಡದಲ್ಲಿಯೇ ಮಾತನಾಡಬಹುದು. ಎಸಿಟಲೋಪ್ರಾಮ್‌ನಂತಹ ಆತಂಕದ ಮಾತ್ರೆಗಳನ್ನು ಬಿಟ್ಟು ಗಿಡಮೂಲಿಕೆಗೆ ಹೊರಳಲು ಬಯಸುವವರಿಗೆ, ಅಂತಹ ಮಾತ್ರೆಗಳನ್ನು ಹಠಾತ್ತಾಗಿ ನಿಲ್ಲಿಸಿದರೆ ತಲೆಸುತ್ತು, ಚಡಪಡಿಕೆ, ಆತಂಕದ ಮರುಕಳಿಕೆಗಳು ಆಗಬಹುದೆಂದು ತಿಳಿಸಿ ಅವರನ್ನು ವೈದ್ಯರ ಬಳಿಗೇ ಕಳುಹಿಸಬೇಕು.

ಕೊಡಬಹುದಾದವರಿಗೆ ಕೊಡುವಾಗಲೂ ಅವಧಿಯನ್ನು ಹೇಳಬೇಕು. ಸುರಕ್ಷತೆಯ ಬಗೆಗಿನ ಮಾಹಿತಿಯಿರುವುದು ಸುಮಾರು ಮೂರು ತಿಂಗಳ ಬಳಕೆಗೆ ಮಾತ್ರ. ಕೋವಿಡ್ ಕಾಲದಲ್ಲಿ, 2020ರ ಅಕ್ಟೋಬರ್‌ನಲ್ಲಿ ಆಯುಷ್ ಸಚಿವಾಲಯವು ಹೊರಡಿಸಿದ ಚಿಕಿತ್ಸಾ ಕ್ರಮವು ಅಶ್ವಗಂಧವನ್ನು ಸೂಚಿಸಿದಾಗಲೂ ಅದು 15 ದಿನದಿಂದ ಒಂದು ತಿಂಗಳವರೆಗಿನ ಸೇವನೆಯ ಮಾತಾಗಿತ್ತು. ಆ ಸಮಯದಲ್ಲಿ ಆರಂಭಿಸಿದವರು ವರ್ಷಗಟ್ಟಲೆ ಮುಂದುವರಿಸಿದ್ದರೆ ಅದಕ್ಕೆ ಯಾವ ಶಾಸ್ತ್ರದ ಆಧಾರವೂ ಇಲ್ಲ. ಎರಡು ತಿಂಗಳಲ್ಲಿ ಗುಣ ಕಾಣದಿದ್ದರೆ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಶಸ್ತ್ರಚಿಕಿತ್ಸೆ ನಿಗದಿಯಾಗಿದ್ದರೆ ಎರಡು ವಾರ ಮೊದಲೇ ನಿಲ್ಲಿಸಿ ಅರಿವಳಿಕೆ ತಜ್ಞರಿಗೆ ತಿಳಿಸಬೇಕು. ಕಣ್ಣು ಹಳದಿಯಾದರೆ, ಮೈ ತುರಿಸಿದರೆ, ಮೂತ್ರದ ಬಣ್ಣ ಬದಲಾದರೆ ಅದೇ ದಿನ ನಿಲ್ಲಿಸಿ ಡಬ್ಬಿಯೊಡನೆ ಆಸ್ಪತ್ರೆಗೆ ಹೋಗಬೇಕು. ಈ ಮೂರು ವಾಕ್ಯಗಳನ್ನು ಕನ್ನಡದಲ್ಲಿ ಮುದ್ರಿಸಿದ ಸಣ್ಣ ಚೀಟಿಯನ್ನು ಡಬ್ಬಿಗೆ ಅಂಟಿಸುವ ಖರ್ಚು ಬಹಳ ಕಡಿಮೆ. ಬಿಡಿ ಚೂರ್ಣವನ್ನು ಪೊಟ್ಟಣ ಕಟ್ಟಿ ಕೊಡುವ ಗ್ರಂಧಿಗೆ ಅಂಗಡಿಗಳಲ್ಲಿ ಲೇಬಲ್ ಎಂಬುದೇ ಇಲ್ಲದಿರುವುದರಿಂದ ಅಲ್ಲಿ ಇದರ ಅಗತ್ಯ ಇನ್ನೂ ಹೆಚ್ಚು.

ಹಾನಿಯ ಸುದ್ದಿ ಅಂಗಡಿಗೆ ಮರಳಿ ಬಂದಾಗ ಅದು ಅಲ್ಲಿಗೇ ನಿಲ್ಲಬಾರದು. ಗಾಜಿಯಾಬಾದ್‌ನ ಭಾರತೀಯ ಫಾರ್ಮಕೋಪಿಯಾ ಆಯೋಗ ನಡೆಸುವ ಔಷಧ ಜಾಗೃತಿ ಕಾರ್ಯಕ್ರಮಕ್ಕೂ, ಆಯುಷ್ ಔಷಧಗಳಿಗೆಂದೇ ದೆಹಲಿಯ ಅಖಿಲ ಭಾರತ ಆಯುರ್ವೇದ ಸಂಸ್ಥೆಯಿಂದ ನಿರ್ವಹಿಸಲ್ಪಡುವ ಜಾಗೃತಿ ಜಾಲಕ್ಕೂ ವರದಿ ಕಳುಹಿಸಬಹುದು. ಔಷಧ ಜಾಗೃತಿಯೆಂದರೆ ಮಾರುಕಟ್ಟೆಗೆ ಬಂದ ನಂತರ ಔಷಧವೊಂದರಿಂದ ಆಗುವ ಅಡ್ಡಪರಿಣಾಮಗಳನ್ನು ಸಂಗ್ರಹಿಸಿ ಕಾರಣವನ್ನು ಹುಡುಕುವ ವ್ಯವಸ್ಥೆ. ಉತ್ಪನ್ನದ ಹೆಸರು, ಬ್ಯಾಚ್ ಸಂಖ್ಯೆ, ಬೇರೋ ಎಲೆಯೋ ಎಂಬ ವಿವರ, ಸೇವಿಸಿದ ಪ್ರಮಾಣ ಮತ್ತು ದಿನಗಳು ಇಂತಹ ವರದಿಯಲ್ಲಿದ್ದರೆ, ಹಾನಿಗೆ ಗಿಡವೇ ಕಾರಣವೋ, ಎಲೆಯ ಕಲಬೆರಕೆಯೋ, ಅತಿಸಾಂದ್ರ ಸತ್ವವೋ ಎಂಬ ಪ್ರಶ್ನೆಗೆ ದೇಶದೊಳಗಿನಿಂದಲೇ ಉತ್ತರ ದೊರೆಯುತ್ತದೆ. ವಿದೇಶಗಳ ನಿಷೇಧಗಳಿಗೆ ಭಾರತವು ಕೊಡಬಹುದಾದ ಗಟ್ಟಿಯಾದ ಉತ್ತರವೂ ಅಂತಹ ವರದಿಗಳಿಂದಲೇ ಹುಟ್ಟಬೇಕು.

ಇಷ್ಟನ್ನು ಕೇಳುವುದರಿಂದ ಕೆಲವು ಡಬ್ಬಿಗಳ ಮಾರಾಟ ತಪ್ಪಬಹುದು, ಸಂಜೆಯ ಜನಜಂಗುಳಿಯಲ್ಲಿ ಪ್ರತಿ ಗ್ರಾಹಕರಿಗೂ ಎರಡು ನಿಮಿಷ ಹೆಚ್ಚು ಹಿಡಿಯಬಹುದು ಎಂಬುದು ನಿಜ. ಆದರೆ ಎಂಟು ವಾರ ಬೇರಿನ ಸತ್ವ ಸೇವಿಸಿ ನೆಮ್ಮದಿ ಕಾಣಬಹುದಾದವರು ಯಾರು, ಅದೇ ಎಂಟು ವಾರಗಳಲ್ಲಿ ಯಕೃತ್ತನ್ನು ಕಳೆದುಕೊಳ್ಳಬಹುದಾದವರು ಯಾರು ಎಂಬುದನ್ನು ಬೇರ್ಪಡಿಸುವ ಬೇರೆ ಯಾವ ಏರ್ಪಾಡೂ ಇಂದಿನ ಮಾರಾಟ ವ್ಯವಸ್ಥೆಯಲ್ಲಿಲ್ಲ. ಫಾರ್ಮಸಿಸ್ಟರ ಜಿಲ್ಲಾ ಸಂಘಗಳು ಈ ಐದು ಪ್ರಶ್ನೆಗಳನ್ನೂ ಮೂರು ವಾಕ್ಯಗಳ ಚೀಟಿಯನ್ನೂ ತಮ್ಮ ಮುಂದಿನ ಸಭೆಯಲ್ಲಿ ಚರ್ಚಿಸಿ, ಸ್ಥಳೀಯ ಆಯುರ್ವೇದ ವೈದ್ಯರ ಮತ್ತು ಮನೋವೈದ್ಯರ ಸಲಹೆಯಿಂದ ತಿದ್ದಿಕೊಂಡು, ಎಲ್ಲ ಸದಸ್ಯ ಅಂಗಡಿಗಳಲ್ಲಿ ಜಾರಿಗೆ ತರಬೇಕೆಂದು ವಿನಂತಿ.